ಕೆಳಗಿನ ಮನೆಯ ಮೆಡ್ಜ್‌ಮಾಮಾ: ಮನೆಯಲ್ಲಿ ಮಾತಾಡಿದರೆ ಸಾಕೇ?

ಗುಂಪಿನ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಭಾನುವಾರದ ಕನ್ನಡ ತರಗತಿಗೆ ಮಕ್ಕಳನ್ನು ಕಳಿಸಬೇಕೋ ಬೇಡವೋ ಎಂಬ ಚರ್ಚೆಯನ್ನು ಹತ್ತು ದಿನಗಳಿಂದ ಓದುತ್ತಿದ್ದೇನೆ. ಮನೆಯಲ್ಲಿ ಕನ್ನಡ ಮಾತಾಡಿದರೆ ಸಾಕು, ಉಳಿದದ್ದು ತಾನಾಗಿ ಬರುತ್ತದೆ ಎಂದು ಹಲವರು ಬರೆದಿದ್ದೀರಿ. ನಾನೂ ಬಹಳ ವರ್ಷ ಹಾಗೆಯೇ ನಂಬಿದ್ದೆ. ಆ ನಂಬಿಕೆಯನ್ನು ಅಲುಗಿಸಿದವರು ಕನ್ನಡದವರಲ್ಲ. ಬಾಸ್ಟನ್ ಪಕ್ಕದ ವಾಟರ್‌ಟೌನಿನಲ್ಲಿ ನಾವು ಏಳು ವರ್ಷ ಬಾಡಿಗೆಗಿದ್ದ ಮನೆಯ ಯಜಮಾನಿ, ಆರ್ಮೇನಿಯನ್ ಮೂಲದ ಹಿರಿಯ ಹೆಂಗಸು, ನನ್ನ ಮಗಳ ಪಾಲಿನ ಮೆಡ್ಜ್‌ಮಾಮಾ, ಅಂದರೆ ಅಜ್ಜಿ. ಈ ಚಳಿಗಾಲದಲ್ಲಿ ಅವರು ತೀರಿಕೊಂಡರು. ತೊಂಬತ್ತು ದಾಟಿತ್ತು. ಹೋದ ವಾರ ಅವರ ನಲವತ್ತನೆಯ ದಿನದ ಪ್ರಾರ್ಥನೆಗೆ ಹೋಗಿ ಬಂದೆ. ಅಂದಿನಿಂದ ಈ ಚರ್ಚೆಯೂ ಅವರೂ ನನ್ನ ತಲೆಯಲ್ಲಿ ಒಟ್ಟೊಟ್ಟಿಗೆ ಓಡಾಡುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ವಾಟರ್‌ಟೌನಿನ ಮನೆಗಳನ್ನು ನೋಡಿದವರಿಗೆ ಗೊತ್ತಿರುತ್ತದೆ: ಮರದ ಎರಡಂತಸ್ತು, ಕೆಳಗೆ ಯಜಮಾನರು, ಮೇಲೆ ಬಾಡಿಗೆಯವರು, ಹಿತ್ತಲಿನಲ್ಲಿ ಒಂದು ದ್ರಾಕ್ಷಿ ಚಪ್ಪರ. ಕಳೆದ ಶತಮಾನದ ಮೊದಲ ದಶಕಗಳಲ್ಲಿ ಆ ಊರಿಗೆ ಆರ್ಮೇನಿಯನ್ನರನ್ನು ಎಳೆದು ತಂದದ್ದು ಹುಡ್ ರಬ್ಬರ್ ಕಂಪನಿಯ ಕಾರ್ಖಾನೆ. ರಬ್ಬರಿನ ಬೂಟು, ಶೂಗಳನ್ನು ಮಾಡುತ್ತಿದ್ದ ಆ ಕಾರ್ಖಾನೆಯಲ್ಲಿ ಇಂಗ್ಲಿಷ್ ಬಾರದವರಿಗೂ ಕೆಲಸ ಸಿಗುತ್ತಿತ್ತು. ನಮ್ಮ ಯಜಮಾನಿಯ ತಂದೆ ಅಲ್ಲಿಯೇ ದುಡಿದು ಈ ಮನೆಯನ್ನು ಕೊಂಡವರು. ತಾಯಿ ಬಂದದ್ದು ಫೋಟೋ ನೋಡಿ ನಿಶ್ಚಯವಾದ ಮದುವೆಯಿಂದ. ಹಡಗಿನಿಂದ ಇಳಿದಾಗ ಕೈಯಲ್ಲಿ ಗಂಡನ ಫೋಟೋ ಬಿಟ್ಟರೆ ಬೇರೆ ಗುರುತು ಇರಲಿಲ್ಲವಂತೆ, ಫೋಟೋದಲ್ಲಿದ್ದುದಕ್ಕಿಂತ ಗಂಡ ಹತ್ತು ವರ್ಷ ದೊಡ್ಡವನಾಗಿ ಕಂಡನಂತೆ. ಇದನ್ನು ಹೇಳುವಾಗ ಅವರು ಪ್ರತಿ ಸಲವೂ ನಗುತ್ತಿದ್ದರು.

ಆ ತಾಯಿಯ ಕಥೆಯಲ್ಲಿಯೇ ನಮ್ಮ ಚರ್ಚೆಗೆ ಬೇಕಾದ ವಿಷಯವಿದೆ. ಆಕೆ ಈಗಿನ ಟರ್ಕಿ ದೇಶದ ಮರಾಶ್ ಪಟ್ಟಣದವರು. 1915ರಲ್ಲಿ ಆಟೊಮನ್ ಸರ್ಕಾರ ಆರ್ಮೇನಿಯನ್ನರನ್ನು ಊರುಗಳಿಂದ ಹೊರಗಟ್ಟಿ ಸಿರಿಯಾದ ಮರುಭೂಮಿಯ ಕಡೆಗೆ ನಡೆಸಿದಾಗ ಹತ್ತು ಲಕ್ಷದಷ್ಟು ಜನ ಸತ್ತರು. ಬದುಕಿ ಉಳಿದ ಸಾವಿರಾರು ಅನಾಥ ಮಕ್ಕಳಲ್ಲಿ ಆಕೆಯೂ ಒಬ್ಬರು. ನಾನು ತಿಳಿದಿರದ ಸಂಗತಿಯೆಂದರೆ, ಮರಾಶ್, ಐಂತಾಬ್ ಕಡೆಯ ಎಷ್ಟೋ ಆರ್ಮೇನಿಯನ್ನರ ಮನೆಮಾತು ಆರ್ಮೇನಿಯನ್ ಆಗಿರಲೇ ಇಲ್ಲ, ತುರ್ಕಿಯಾಗಿತ್ತು. ಆ ತುರ್ಕಿಯನ್ನೇ ಅವರು ಆರ್ಮೇನಿಯನ್ ಅಕ್ಷರಗಳಲ್ಲಿ ಬರೆದುಕೊಳ್ಳುತ್ತಿದ್ದರು. ಆ ತಾಯಿ ಆರ್ಮೇನಿಯನ್ ಕಲಿತದ್ದು ಅನಾಥಾಲಯದಲ್ಲಿ, ಹತ್ತು ವರ್ಷ ದಾಟಿದ ಮೇಲೆ, ಕಾಗದ ಸಾಲದೆ ಮರಳಿನ ಮೇಲೆ ಬೆರಳಿನಿಂದ ತಿದ್ದಿ. ಅಮೆರಿಕಕ್ಕೆ ಬಂದ ಮೇಲೂ ಸಿಟ್ಟು ಬಂದಾಗ, ಲೆಕ್ಕ ಹಾಕುವಾಗ, ಗೆಳತಿಯರ ಜೊತೆ ಗುಟ್ಟು ಮಾತಾಡುವಾಗ ಬಾಯಿಗೆ ಬರುತ್ತಿದ್ದದ್ದು ತುರ್ಕಿಯೇ. "ನನ್ನ ತಾಯ್ನುಡಿ ನನ್ನ ತಾಯಿಯ ನುಡಿಯಲ್ಲ" ಎಂದು ನಮ್ಮ ಯಜಮಾನಿ ಹೇಳಿದಾಗ ನಾನು ಕೈಯಲ್ಲಿದ್ದ ಕಾಫಿ ಕುಡಿಯುವುದನ್ನು ಮರೆತು ಕುಳಿತಿದ್ದೆ.

ಹಾಗಾದರೆ ಅವರಿಗೆ ಆರ್ಮೇನಿಯನ್ ಬಂದದ್ದು ಎಲ್ಲಿಂದ? ಚರ್ಚಿನ ಗಾಯನ ಮೇಳದಿಂದ. ಹನ್ನೆರಡನೆಯ ವಯಸ್ಸಿಗೆ ಮೇಳದ ಹಿಂದಿನ ಸಾಲಿನಲ್ಲಿ ನಿಂತವರು ಎಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಹಾಡಿದರು. ಆರ್ಮೇನಿಯನ್ ಚರ್ಚಿನಲ್ಲಿ ಭಾನುವಾರದ ಪೂಜೆಗೆ ಬದರಕ್ ಎನ್ನುತ್ತಾರೆ. ಸುಮಾರು ಎರಡು ಗಂಟೆಯ ಆ ಪೂಜೆಯ ಬಹುಪಾಲು ಹಾಡೇ. ಅಲ್ಲಿನ ಭಾಷೆ ಗ್ರಬಾರ್, ಅಂದರೆ ಐದನೆಯ ಶತಮಾನದಿಂದ ಬಂದ ಹಳೆಯ ಆರ್ಮೇನಿಯನ್. ನಮ್ಮ ಮಕ್ಕಳ ಮುಂದೆ ಪಂಪನ ಪದ್ಯವನ್ನಿಟ್ಟರೆ ಹೇಗೋ, ಇಂದಿನ ಆರ್ಮೇನಿಯನ್ ಮಕ್ಕಳಿಗೆ ಅದು ಹಾಗೆ. ಅವರ ಮೇಳ ಹಾಡುತ್ತಿದ್ದದ್ದು ಮಕರ್ ಯೆಕ್ಮಾಲಿಯನ್ 1896ರಲ್ಲಿ ಪ್ರಕಟಿಸಿದ ಸ್ವರ ಸಂಯೋಜನೆಯನ್ನು. ಅದರಲ್ಲಿ ಹೆಂಗಸರಿಗೂ ಗಂಡಸರಿಗೂ ಬೇರೆ ಬೇರೆ ಧ್ವನಿಗಳಿವೆ. ಇವರದ್ದು ಹೆಂಗಸರ ಕೆಳಧ್ವನಿ. "ರಾಗವನ್ನು ಮೇಲಿನವರು ಹೊತ್ತೊಯ್ಯುತ್ತಾರೆ, ನಾವು ಕೆಳಗಿನವರು ನೆಲ ಹಿಡಿದುಕೊಳ್ಳುತ್ತೇವೆ" ಎನ್ನುತ್ತಿದ್ದರು. ಗುರುವಾರ ಸಂಜೆ ಚರ್ಚಿನಲ್ಲಿ ಅಭ್ಯಾಸ. ಬುಧವಾರ ರಾತ್ರಿ ಅಡುಗೆಮನೆಯಲ್ಲಿ ಒಬ್ಬರೇ ತಾಲೀಮು ನಡೆಸುತ್ತಿದ್ದರು, ಆ ಧ್ವನಿ ಬಿಸಿನೀರಿನ ಹೀಟರ್ ಕೊಳವೆಗಳ ಮೂಲಕ ಏರಿ ನಮ್ಮ ಮಲಗುವ ಕೋಣೆಗೆ ಬರುತ್ತಿತ್ತು. ನನ್ನ ಮಗಳಿಗೆ ಅದು ಜೋಗುಳವಾಗಿ ಬಿಟ್ಟಿತ್ತು.

ಅವರು ಚಿತ್ರವನ್ನೂ ಬರೆಯುತ್ತಿದ್ದರು, ಆದರೆ ಮಾರಾಟಕ್ಕಲ್ಲ. ಆರ್ಮೇನಿಯನ್ನರ ಹಳೆಯ ಹಸ್ತಪ್ರತಿಗಳಲ್ಲಿ ಅಕ್ಷರಗಳನ್ನು ಹಕ್ಕಿಗಳ ರೂಪದಲ್ಲಿ ಬರೆಯುವ ಒಂದು ಸಂಪ್ರದಾಯವಿದೆ. ಕೊಕ್ಕು, ಬಾಲ, ರೆಕ್ಕೆಗಳೆಲ್ಲ ಬಾಗಿ ಬಳುಕಿ ಅಕ್ಷರವಾಗುತ್ತವೆ. ಚರ್ಚಿನಲ್ಲಿ ಯಾವ ಮಗುವಿಗೆ ದೀಕ್ಷಾಸ್ನಾನವಾದರೂ ಆ ಮಗುವಿನ ಹೆಸರಿನ ಮೊದಲ ಅಕ್ಷರವನ್ನು ಹಕ್ಕಿಯಾಗಿ ಬರೆದು ಚೌಕಟ್ಟು ಹಾಕಿಸಿ ಕೊಡುವುದು ಅವರ ವ್ರತವಾಗಿತ್ತು. ಮಗುವಿನ ತಂದೆತಾಯಿಗೆ ಆ ಅಕ್ಷರ ಓದಲು ಬಾರದಿದ್ದರೂ ಸರಿ, ಗೋಡೆಯ ಮೇಲೆ ಅದು ಇರಬೇಕು. ಮೂವರು ಮಕ್ಕಳನ್ನು ಸಾಕಿ, ಗಂಡನ ಡ್ರೈಕ್ಲೀನಿಂಗ್ ಅಂಗಡಿಯ ಲೆಕ್ಕ ಬರೆದು, ಮಿಕ್ಕ ಹೊತ್ತಿನಲ್ಲಿ ಅಡುಗೆಮನೆಯ ಮೇಜಿನ ಮೇಲೆ ಹಳೆಯ ಪತ್ರಿಕೆ ಹಾಸಿ ಇದೆಲ್ಲ ನಡೆಯುತ್ತಿತ್ತು.

ಅವರು ಜಗಳ ಕಾಯುತ್ತಿದ್ದದ್ದು ಒಬ್ಬ ದೊಡ್ಡ ಚಿತ್ರಕಾರನ ಜೊತೆ. ಆರ್ಷೀಲ್ ಗೋರ್ಕಿ 1920ರಲ್ಲಿ ಅಮೆರಿಕಕ್ಕೆ ಬಂದು ಇದೇ ವಾಟರ್‌ಟೌನಿನಲ್ಲಿ ಕೆಲವು ಕಾಲ ಇದ್ದು, ಇದೇ ಹುಡ್ ಕಾರ್ಖಾನೆಯಲ್ಲಿ ದುಡಿದವನು. ಅವನ ತಾಯಿ 1919ರಲ್ಲಿ ಯೆರೆವಾನಿನಲ್ಲಿ ಹಸಿವಿನಿಂದ ತೀರಿಕೊಂಡಿದ್ದಳು. 1912ರ ಸುಮಾರಿಗೆ ವಾನ್ ಪಟ್ಟಣದಲ್ಲಿ ತೆಗೆಸಿದ ತಾಯಿ ಮಗನ ಒಂದು ಫೋಟೋವನ್ನು ಇಟ್ಟುಕೊಂಡು ಅವನು ಹತ್ತು ವರ್ಷ ತಿದ್ದಿ ತೀಡಿ ಬರೆದ ಚಿತ್ರ ಈಗ ನ್ಯೂಯಾರ್ಕಿನ ವಿಟ್ನಿ ಸಂಗ್ರಹಾಲಯದಲ್ಲಿದೆ, ಇನ್ನೊಂದು ರೂಪ ವಾಷಿಂಗ್ಟನ್ನಿನಲ್ಲಿದೆ. ಫೋಟೋದಲ್ಲಿ ತಾಯಿಯ ಉಡುಪಿನ ಮುಂದೆ ಹೂಬಳ್ಳಿಯ ಏಪ್ರನ್ ಕಾಣುತ್ತದೆ. ಚಿತ್ರದಲ್ಲಿ ಆ ಜಾಗ ಬರೀ ಮಸುಕು ಬಿಳುಪು, ಕೈಗಳೂ ಬೆರಳಿಲ್ಲದ ಮುದ್ದೆಗಳಂತಿವೆ. ವಿದ್ವಾಂಸರು ಅದರಲ್ಲಿ ಏನೇನೋ ಅರ್ಥ ಕಾಣುತ್ತಾರೆ. ನಮ್ಮ ಯಜಮಾನಿಗೆ ಮಾತ್ರ ಅದು ಸೈರಿಸಲಾಗದ ಸಂಗತಿ. "ಆ ಕಸೂತಿಗೆ ಆಕೆ ಎಷ್ಟು ರಾತ್ರಿ ಕಣ್ಣು ಸವೆಸಿದ್ದಳೋ, ಮಗ ಒಂದೇ ಏಟಿಗೆ ಅಳಿಸಿಬಿಟ್ಟ" ಎನ್ನುತ್ತಿದ್ದರು. ಅವರು ತಮ್ಮ ತಾಯಿಯ ಚಿತ್ರ ಬರೆದಾಗ ಮೊದಲು ಬರೆದದ್ದು ಕೈಗಳನ್ನು, ಆಮೇಲೆ ಮರಾಶ್ ಕಸೂತಿಯ ಒಂದೊಂದು ಹೆಣಿಗೆಯನ್ನು, ಮುಖ ಕೊನೆಗೆ. ಕಲೆಯ ದೃಷ್ಟಿಯಿಂದ ಗೋರ್ಕಿಯ ಚಿತ್ರವೇ ದೊಡ್ಡದು ಎಂದು ನನಗೆ ಅನ್ನಿಸುತ್ತದೆ. ಆದರೆ ಮಗಳಾಗಿ ನೋಡಿದರೆ ನಾನು ಇವರ ಪಕ್ಷ.

ನಾವು ಸಸ್ಯಾಹಾರಿಗಳೆಂದು ತಿಳಿದ ಮೇಲೆ ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಲ್ಲಿ ತಟ್ಟೆಗಳು ಮೇಲಕ್ಕೆ ಬರತೊಡಗಿದವು, ಏಕೆಂದರೆ ಆ ದಿನಗಳಲ್ಲಿ ಅವರು ಮಾಂಸ, ಹಾಲು, ಬೆಣ್ಣೆ ಯಾವುದನ್ನೂ ಮುಟ್ಟುವುದಿಲ್ಲ. ದ್ರಾಕ್ಷಿ ಎಲೆಯೊಳಗೆ ಅಕ್ಕಿ, ಈರುಳ್ಳಿ, ನಿಂಬೆ ಸೇರಿಸಿ ಸುತ್ತಿದ ಯಲಂಜಿಯನ್ನು ಮೊದಲ ಸಲ ತಿಂದಾಗ ತೀರ್ಥಹಳ್ಳಿಯ ನಮ್ಮಮ್ಮನ ಪತ್ರೊಡೆ ನೆನಪಾಯಿತು. ಮರು ವಾರ ಕೆಸುವಿನ ಎಲೆ ಹುಡುಕಿ ತಂದು ಪತ್ರೊಡೆ ಮಾಡಿ ಕೊಟ್ಟೆ. ಎಲೆ ಸುತ್ತಿದ್ದು ಸಡಿಲವಾಯಿತು ಎಂದು ಮುಖದ ಮೇಲೆಯೇ ಹೇಳಿದರು. ನಾನು ಮದುವೆಗೆ ಮುಂಚೆ ಎರಡು ವರ್ಷ ಚೆನ್ನೈನಲ್ಲಿದ್ದೆ ಎಂದು ತಿಳಿದ ದಿನವಂತೂ ನನ್ನನ್ನು ನೆಂಟರಂತೆ ಕಂಡರು: ಲೋಕದಲ್ಲೇ ಮೊದಲ ಆರ್ಮೇನಿಯನ್ ಪತ್ರಿಕೆ, ಅಜ್ದರಾರ್, 1794ರಲ್ಲಿ ಅಚ್ಚಾದದ್ದು ಮದ್ರಾಸಿನಲ್ಲಿ. ನಾನು ಪ್ರತಿದಿನ ಅರ್ಮೇನಿಯನ್ ಬೀದಿಯ ಹತ್ತಿರ ಬಸ್ಸು ಹತ್ತುತ್ತಿದ್ದೆ, ಒಮ್ಮೆಯೂ ಆ ಹೆಸರೇಕೆ ಎಂದು ಯೋಚಿಸಿರಲಿಲ್ಲ.

ನನ್ನ ಮಗಳಿಗೆ ಐದು ತುಂಬಿದಾಗ ಅವಳಿಗೂ ಒಂದು ಹಕ್ಕಿ ಅಕ್ಷರ ಬರೆದುಕೊಡುತ್ತೇನೆ ಎಂದರು, ಅದೂ ಕನ್ನಡದ್ದು. ಅವಳ ಹೆಸರು 'ಅ'ದಿಂದ ಆರಂಭ. ಕಾಗದದ ಮೇಲೆ ಬರೆದು ತೋರಿಸಿದೆ. ನೋಡಿ, "ಎಲ್ಲಿಂದ ಶುರು ಮಾಡುತ್ತೀರಿ? ಕೈ ಯಾವ ಕಡೆ ತಿರುಗುತ್ತದೆ? ಅದು ಗೊತ್ತಾಗದೆ ಕೊಕ್ಕು ಎಲ್ಲಿಡಲಿ?" ಎಂದು ಕೇಳಿದರು. ನನಗೆ ತಟ್ಟನೆ ಹೇಳಲಾಗಲಿಲ್ಲ. ವರ್ಷಗಟ್ಟಲೆ ಕನ್ನಡವನ್ನು ಕೀಲಿಮಣೆಯಲ್ಲಿ ಕುಟ್ಟಿ ಕೈಗೆ ಮರೆತೇ ಹೋಗಿತ್ತು. ಅವರ ಅಡುಗೆಮನೆಯ ಅಗಲ ತಟ್ಟೆಯಲ್ಲಿ ಅಕ್ಕಿ ಹರವಿ, ಅಕ್ಷರಾಭ್ಯಾಸದಲ್ಲಿ ನನ್ನ ತಂದೆ ನನ್ನ ಬೆರಳು ಹಿಡಿದು ತಿದ್ದಿಸಿದ್ದಂತೆ ಮಗಳ ಬೆರಳು ಹಿಡಿದು ತಿದ್ದಿಸಿದೆ, ಕೈಗೆ ನೆನಪಿತ್ತು. ಅವರು ಕನ್ನಡಕ ಮೇಲೇರಿಸಿ ನೋಡುತ್ತಾ, "ನಮ್ಮಮ್ಮ ಮರಳಿನಲ್ಲಿ, ನೀವು ಅಕ್ಕಿಯಲ್ಲಿ, ನೀವು ಶ್ರೀಮಂತರು" ಎಂದರು. ಎಡಗಡೆಯ ಸುರುಳಿ ಕೊಕ್ಕರೆಯ ತಲೆಯಾಯಿತು, ಬಲಗಡೆಯ ಬಾಗು ಬಾಲವಾಯಿತು. ಕೆಂಪು, ನೀಲಿ ಬಣ್ಣಗಳ ಆ ಚೌಕಟ್ಟು ಈಗಲೂ ನಮ್ಮ ಹಜಾರದಲ್ಲಿದೆ.

ಇದೆಲ್ಲ ಕೇಳಿ ಅವರ ಮನೆಯಲ್ಲಿ ಭಾಷೆ ಹುಲುಸಾಗಿ ಉಳಿಯಿತು ಎಂದುಕೊಳ್ಳಬೇಡಿ. ಮೇಳದಿಂದ ಅವರಿಗೆ ಬಂದದ್ದು ಹಾಡು, ಪ್ರಾರ್ಥನೆ, ಓದು. ಹರಟೆಯ ಭಾಷೆ ಅಷ್ಟಾಗಿ ಬರಲಿಲ್ಲ. ಲೆಬನಾನಿನಿಂದ ಬಂದ ಆರ್ಮೇನಿಯನ್ನರು ಅವರ ವ್ಯಾಕರಣಕ್ಕೆ ನಗುತ್ತಿದ್ದರು, ಆರ್ಮೇನಿಯಾ ದೇಶದಿಂದಲೇ ಬಂದವರ ಪೂರ್ವದ ನುಡಿ ಇವರ ಪಶ್ಚಿಮದ ನುಡಿಗಿಂತ ಬೇರೆಯೇ ಆಗಿತ್ತು. ಮೂವರು ಮಕ್ಕಳಲ್ಲಿ ಹಿರಿಯವನು ಪೂಜೆಯಲ್ಲಿ ಮೇಣದಬತ್ತಿ ಹಿಡಿಯುತ್ತಿದ್ದವನು, ನಡುವಿನವಳು ತಾಯಿಯ ಪಕ್ಕ ಹಾಡುತ್ತಿದ್ದವಳು. ಇವರಿಬ್ಬರಿಗೂ ಆರ್ಮೇನಿಯನ್ ಬರುತ್ತದೆ. ಕೊನೆಯವನ ಕಾಲಕ್ಕೆ ಅಂಗಡಿಯ ಕೆಲಸ ಹೆಚ್ಚಾಗಿತ್ತು, ಮನೆಯಲ್ಲಿ ಕಲಿತುಕೊಳ್ಳುತ್ತಾನೆ ಎಂದು ಬಿಟ್ಟರು. ಅವನಿಗೆ ಊಟ ತಿಂಡಿಯ ಹೆಸರುಗಳು ಮಾತ್ರ ಗೊತ್ತು. ಪಶ್ಚಿಮ ಆರ್ಮೇನಿಯನ್ನನ್ನು ಯುನೆಸ್ಕೊ 2010ರಲ್ಲಿ ಅಳಿವಿನಂಚಿನ ನುಡಿಗಳ ಪಟ್ಟಿಗೆ ಸೇರಿಸಿದಾಗ ಅವರು ಆ ಸುದ್ದಿಯನ್ನು ಕತ್ತರಿಸಿ ಫ್ರಿಜ್ಜಿನ ಮೇಲೆ ಅಂಟಿಸಿ, ಕೆಳಗೆ ಕೊನೆಯ ಮಗನ ಹೆಸರು ಬರೆದಿದ್ದರು. ತಮಾಷೆಗೋ ಸಂಕಟಕ್ಕೋ, ನಾನು ಕೇಳಲಿಲ್ಲ.

ನಮಗೂ ಅವರಿಗೂ ಒಂದು ದೊಡ್ಡ ವ್ಯತ್ಯಾಸವಿದೆ, ಅದನ್ನು ಮರೆತು ನಾನು ಈ ಹೋಲಿಕೆ ಮಾಡುತ್ತಿಲ್ಲ. ಅವರಿಗೆ ಮರಳಿ ಹೋಗಲು ಮರಾಶ್ ಇರಲಿಲ್ಲ. ನಮಗೆ ಎರಡು ವರ್ಷಕ್ಕೊಮ್ಮೆ ಟಿಕೆಟ್ ತೆಗೆದರೆ ತೀರ್ಥಹಳ್ಳಿಯೋ ಧಾರವಾಡವೋ ಇದ್ದೇ ಇದೆ, ಅಜ್ಜಿ ತಾತ ಫೋನಿನಲ್ಲಿದ್ದಾರೆ. ಆ ಧೈರ್ಯದ ಮೇಲೆಯೇ ನಾವು ತರಗತಿಯನ್ನು ಮುಂದಿನ ವರ್ಷಕ್ಕೆ ತಳ್ಳುತ್ತಿರುವುದು ಎಂದು ನನ್ನ ಅನುಮಾನ. ನನ್ನ ಮನೆಯಲ್ಲಿ ನಾನು ಕನ್ನಡವನ್ನೇ ಆಡಿದೆ. ಮಗಳು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟಳು. ಇಬ್ಬರಿಗೂ ಅರ್ಥವಾಗುತ್ತಿದ್ದುದರಿಂದ ಯಾರಿಗೂ ತೊಂದರೆಯಾಗಲಿಲ್ಲ, ಹತ್ತೊಂಬತ್ತು ವರ್ಷ ಹಾಗೆಯೇ ಕಳೆದವು.

ನಲವತ್ತನೆಯ ದಿನಕ್ಕೆ ಅವಳೂ ಕಾಲೇಜಿನಿಂದ ಬಂದಿದ್ದಳು. ಅವಳಿಗೆ ಅವರು ಮೆಡ್ಜ್‌ಮಾಮಾ, ಅಂದರೆ ಅಜ್ಜಿ. ನಾನು ಆಫೀಸಿನಿಂದ ತಡವಾಗಿ ಬರುತ್ತಿದ್ದ ಗುರುವಾರಗಳಲ್ಲಿ ಅವರು ಇವಳನ್ನು ಅಭ್ಯಾಸಕ್ಕೆ ಕರೆದುಕೊಂಡು ಹೋಗಿ, ಸುಮ್ಮನೆ ಕೂರಬೇಡ ಎಂದು ಸ್ವರಪುಸ್ತಕದ ಹಾಳೆ ತಿರುವುವ ಕೆಲಸ ಕೊಟ್ಟಿದ್ದರು. ಸರಿಯಾದ ಹೊತ್ತಿಗೆ ತಿರುವದಿದ್ದರೆ ಇಡೀ ಸಾಲು ತಡವರಿಸುತ್ತಿತ್ತು. ಚರ್ಚಿನಲ್ಲಿ ಅವರ ಜಾಗದ ಕುರ್ಚಿಯ ಮೇಲೆ ಆ ಪುಸ್ತಕವನ್ನು ಇಟ್ಟಿದ್ದರು, ಉಸಿರು ತೆಗೆದುಕೊಳ್ಳಬೇಕಾದ ಕಡೆಯೆಲ್ಲ ಪೆನ್ಸಿಲಿನ ಗುರುತು. ಎಲ್ಲರೂ ಎದ್ದು ನಿಂತು 'ಹೈರ್ ಮೇರ್' ಎಂಬ ಪ್ರಾರ್ಥನೆಯನ್ನು ಹಾಡತೊಡಗಿದಾಗ ನನ್ನ ಪಕ್ಕದಲ್ಲಿ ನಿಂತಿದ್ದ ಮಗಳೂ ಹಾಡಿದಳು, ಮೊದಲಿನಿಂದ ಕೊನೆಯವರೆಗೆ, ಒಂದು ಪದವೂ ತಪ್ಪದೆ, ಕೆಳಧ್ವನಿಯಲ್ಲಿ. ಮುಂದಿನ ಸಾಲಿನಲ್ಲಿದ್ದ ಕೊನೆಯ ಮಗ ತಿರುಗಿ ನೋಡಿದ.

ಮನೆಗೆ ಬರುವಾಗ ಕಾರಿನಲ್ಲಿ, ಕನ್ನಡದಲ್ಲಿ ಹೀಗೆ ಕೊನೆಯವರೆಗೂ ಬರುವ ಹಾಡು ಯಾವುದಾದರೂ ಇದೆಯೇ ಎಂದು ಕೇಳಿದೆ. ಅವಳು ಸ್ವಲ್ಪ ಯೋಚಿಸಿ, "ಪಲ್ಲವಿ ಆದರೆ ನಾಲ್ಕೈದರದ್ದು ಬರುತ್ತೆ ಅಮ್ಮಾ" ಎಂದಳು.

ತರಗತಿಯ ವಿಷಯದಲ್ಲಿ ನನ್ನ ಮಾತು ಇಷ್ಟೇ: ಪಾಠದ ಜೊತೆ ಮಕ್ಕಳದೊಂದು ಹಾಡಿನ ಮೇಳ ಇರಲಿ, ವಾರದ ದಿನ ಮತ್ತು ಹೊತ್ತು ಬದಲಾಗದಿರಲಿ, ಪ್ರತಿ ಮಗುವಿಗೂ, ಆ ಮಗು ತರಗತಿಗೆ ಬಾರದಿದ್ದರೆ ಉಳಿದವರಿಗೆ ತೊಡಕಾಗುವಂಥ ಒಂದು ಕೆಲಸ ಇರಲಿ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ನಾನು ಬರಬಲ್ಲೆ. ಶ್ರುತಿ ಪೆಟ್ಟಿಗೆ ನಮ್ಮ ಮನೆಯಲ್ಲಿದೆ, ತರುತ್ತೇನೆ. ಹಾರ್ಮೋನಿಯಂ ಇರುವವರು ದಯವಿಟ್ಟು ತಿಳಿಸಿ.