ಮಕ್ಕಳೇ ಕಟ್ಟುವ ಎಸ್ಕೇಪ್ ರೂಮ್: ಒಗಟು ಪಾಠದೊಳಗಿನಿಂದ ಹುಟ್ಟುವಂತೆ ಮಾಡುವುದು ಹೇಗೆ?

ಪ್ರಶ್ನೆ: ವಿಜ್ಞಾನ ಶಿಕ್ಷಕಿ, ಪ್ರೌಢಶಾಲೆ

ಎಲ್ಲರಿಗೂ ನಮಸ್ಕಾರ. ನಮ್ಮ ಹತ್ತನೆಯ ತರಗತಿಯ ‘ಎ’ ವಿಭಾಗದ ಮಕ್ಕಳು ಆಮ್ಲ, ಪ್ರತ್ಯಾಮ್ಲ ಮತ್ತು ಲವಣಗಳ ಪಾಠವನ್ನು ಆಧರಿಸಿ ‘ಬಿ’ ವಿಭಾಗದವರಿಗಾಗಿ ಒಂದು ಎಸ್ಕೇಪ್ ರೂಮ್, ಅಂದರೆ ಒಗಟುಗಳನ್ನು ಬಿಡಿಸಿ ಬೀಗಗಳನ್ನು ತೆರೆಯುತ್ತಾ ನಿಗದಿತ ಸಮಯದೊಳಗೆ ಕೊಠಡಿಯಿಂದ ಹೊರಬರುವ ಆಟ, ಸಿದ್ಧಪಡಿಸುತ್ತಿದ್ದಾರೆ. ಉತ್ಸಾಹಕ್ಕೆ ಕೊರತೆಯಿಲ್ಲ. ಆದರೆ ಅವರು ತಂದ ಒಗಟುಗಳೆಲ್ಲ ಒಂದು ಅಂಕದ ಪ್ರಶ್ನೆಗಳಿಗೆ ಬೀಗ ಹಾಕಿದಂತಿವೆ: ನಿಂಬೆಹಣ್ಣಿನಲ್ಲಿರುವ ಆಮ್ಲದ ಹೆಸರು ಹೇಳಬೇಕು, ಅದರ ಅಕ್ಷರಗಳನ್ನು ಎಣಿಸಬೇಕು, ಬಂದ ಅಂಕಿಯನ್ನು ಬೀಗದಲ್ಲಿ ತಿರುಗಿಸಬೇಕು. ಪಾಠ ಅರ್ಥವಾದವರಿಗೆ ಮಾತ್ರ ತೆರೆಯುವಂಥ ಒಗಟನ್ನು ಹೆಣೆಯಲು ಅವರಿಗೆ ಹೇಗೆ ದಾರಿ ತೋರಿಸಲಿ? ಕೊಠಡಿಯ ಬಾಗಿಲಿಗೂ ಬೀಗ ಹಾಕಬೇಕೆಂಬುದು ಅವರ ಹಠ.

ಉತ್ತರ 1: ರಸಾಯನಶಾಸ್ತ್ರ ಶಿಕ್ಷಕರು

ಮೇಡಂ, ಒಗಟನ್ನು ಪ್ರಶ್ನೆಯಿಂದ ಆರಂಭಿಸದೆ ಪ್ರಯೋಗದಿಂದ ಆರಂಭಿಸಲು ಹೇಳಿ. ನನ್ನ ತರಗತಿಯ ಒಂದು ತಂಡ ಅಡುಗೆ ಸೋಡಾದ ದ್ರಾವಣದಲ್ಲಿ ಹತ್ತಿ ಸುತ್ತಿದ ಕಡ್ಡಿಯನ್ನು ಅದ್ದಿ ಬಿಳಿ ಹಾಳೆಯ ಮೇಲೆ ಅಂಕಿಗಳನ್ನು ಬರೆದು ಒಣಗಿಸಿತ್ತು. ಅರಿಶಿನದ ನೀರು ಸವರಿದಾಗ ಅವು ಕೆಂಪಾಗಿ ಮೂಡಬೇಕಿತ್ತು, ಆದರೆ ಓದಲಾಗದಷ್ಟು ಮಸುಕಾಗಿದ್ದವು. ನಾನು ಉತ್ತರ ಹೇಳಲಿಲ್ಲ. ಮರುದಿನ ಒಬ್ಬಳು ಮನೆಯಿಂದ ವಾಷಿಂಗ್ ಸೋಡಾ ತಂದು ಬರೆದಳು, ಅಂಕಿಗಳು ರಕ್ತಗೆಂಪಾಗಿ ಎದ್ದುಬಂದವು. ಎರಡೂ ಪ್ರತ್ಯಾಮ್ಲೀಯವೇ ಆಗಿರುವಾಗ ಈ ವ್ಯತ್ಯಾಸವೇಕೆ ಎಂದು ಅವರೇ ಪಿಎಚ್ ಕಾಗದ (ದ್ರಾವಣ ಎಷ್ಟು ಆಮ್ಲೀಯ ಅಥವಾ ಪ್ರತ್ಯಾಮ್ಲೀಯ ಎಂಬುದನ್ನು ಬಣ್ಣದಿಂದ ತೋರಿಸುವ ಕಾಗದ) ಕೇಳಿ ಪಡೆದರು. ಆ ಅರ್ಧ ಗಂಟೆಯಲ್ಲಿ ಅವರು ಕಲಿತದ್ದನ್ನು ನಾನು ಕಪ್ಪುಹಲಗೆಯ ಮುಂದೆ ನಿಂತು ಒಂದು ವಾರ ಹೇಳಿದ್ದರೂ ಕಲಿಸಲಾಗುತ್ತಿರಲಿಲ್ಲ. ಹಾಗಾಗಿ, ಆಡುವವರಿಗಿಂತ ಕಟ್ಟುವವರೇ ಹೆಚ್ಚು ಕಲಿಯುತ್ತಾರೆಂಬುದು ನನ್ನ ದೃಢವಾದ ನಂಬಿಕೆ.

ಆಡುವ ತಂಡದ ಮುಂದೆ ನಿಂಬೆರಸ, ಸಕ್ಕರೆ ನೀರು, ಅರಿಶಿನದ ನೀರು ಮೂರನ್ನೂ ಇಟ್ಟು ಹಾಳೆಯನ್ನು ಮಾತ್ರ ಒಂದೇ ಕೊಡಿ. ಸೂಚಕ, ಅಂದರೆ ಆಮ್ಲ ಅಥವಾ ಪ್ರತ್ಯಾಮ್ಲ ತಗುಲಿದಾಗ ಬಣ್ಣ ಬದಲಿಸುವ ವಸ್ತು, ಯಾವುದೆಂದು ತಿಳಿದು ಆರಿಸಿಕೊಳ್ಳದೆ ಅವರು ಮುಂದೆ ಹೋಗಲಾರರು.

ಉತ್ತರ 2: ಗಣಿತ ಶಿಕ್ಷಕಿ

ಬೀಗದ ಲೆಕ್ಕವನ್ನೂ ಮಕ್ಕಳಿಂದಲೇ ಮಾಡಿಸಿ. ಮೂರು ಅಂಕಿಗಳ ಬೀಗದಲ್ಲಿ 000ದಿಂದ 999ರವರೆಗೆ 1000 ಸಾಧ್ಯತೆಗಳಿವೆ; ಒಂದಕ್ಕೆ ಎರಡು ಸೆಕೆಂಡಿನಂತೆ ತಿರುಗಿಸುತ್ತಾ ಹೋದರೆ ಸುಮಾರು 33 ನಿಮಿಷಗಳಲ್ಲಿ, ಯಾವ ಒಗಟನ್ನೂ ಬಿಡಿಸದೆ, ತಾಳ್ಮೆಯಿಂದಲೇ ಬೀಗ ತೆರೆಯಬಹುದು. ನಾಲ್ಕು ಅಂಕಿಗಳಾದರೆ ಅದೇ ಕೆಲಸಕ್ಕೆ ಐದೂವರೆ ಗಂಟೆ ಬೇಕು. ನಲವತ್ತು ನಿಮಿಷಗಳ ಅವಧಿಗೆ ಎಷ್ಟು ಅಂಕಿಗಳ ಬೀಗ ಬೇಕೆಂಬುದನ್ನು ಅವರೇ ನಿರ್ಧರಿಸಲಿ.

ಉತ್ತರ 3: ನಿವೃತ್ತ ಮುಖ್ಯೋಪಾಧ್ಯಾಯರು

ಬಾಗಿಲಿನ ವಿಷಯದಲ್ಲಿ ದಯವಿಟ್ಟು ಮಕ್ಕಳ ಹಠಕ್ಕೆ ಮಣಿಯಬೇಡಿ. 2019ರ ಜನವರಿಯಲ್ಲಿ ಪೋಲೆಂಡಿನ ಕೊಶಾಲಿನ್ ನಗರದ ಎಸ್ಕೇಪ್ ರೂಮ್ ಒಂದರಲ್ಲಿ ಬೆಂಕಿ ಹೊತ್ತಿಕೊಂಡು, ಹುಟ್ಟುಹಬ್ಬ ಆಚರಿಸಲು ಹೋಗಿದ್ದ ಹದಿನೈದರ ಹರೆಯದ ಐವರು ಹುಡುಗಿಯರು ಹೊರಬರಲಾಗದೆ ಅಸುನೀಗಿದರು. ಬೀಗ ಪೆಟ್ಟಿಗೆಗಿರಲಿ, ಬಾಗಿಲು ತೆರೆದೇ ಇರಲಿ.

ಪ್ರಶ್ನೆ ಕೇಳಿದವರು

ಸರ್, ಕೊಶಾಲಿನ್‌ನ ಘಟನೆಯನ್ನು ತರಗತಿಯಲ್ಲಿ ಓದಿ ಹೇಳಿದೆ. ಬಾಗಿಲಿನ ಮಾತನ್ನು ಯಾರೂ ಮತ್ತೆ ಎತ್ತಲಿಲ್ಲ. ಶಾಲೆಯ ಹಳೆಯ ಸೀಮೆಸುಣ್ಣದ ಪೆಟ್ಟಿಗೆಗೆ ಚಿಲಕ ಜೋಡಿಸಿಕೊಡಲು ಒಬ್ಬ ವಿದ್ಯಾರ್ಥಿಯ ತಂದೆ, ವೃತ್ತಿಯಲ್ಲಿ ಬಡಗಿ, ಒಪ್ಪಿದ್ದಾರೆ. ಸೋಮವಾರ ಅರಿಶಿನದ ಪರೀಕ್ಷೆ.