ಅಪ್‌ಡೇಟ್: ಕತ್ತಲಲ್ಲಿ ತೂರಾಡುತ್ತಿದ್ದ ಅತ್ತೆಯವರ ವಿಚಾರ

ಮುಂಬೈಯ ಮುಲುಂಡಿನ ನಮ್ಮ ಮನೆಯಲ್ಲಿ ರಾತ್ರಿ ಬಚ್ಚಲಿಗೆ ಹೋಗುವಾಗ ಅತ್ತೆಯವರು ತೂರಾಡಿ ಗೋಡೆ ಹಿಡಿಯುತ್ತಾರೆಂದು ಬರೆದು ಸಲಹೆ ಕೇಳಿದ್ದೆ. ಸಮತೋಲನಕ್ಕೆ ನೆರವಾಗುವ ಒಳಕಿವಿಯ ಸಣ್ಣ ಹರಳು ಜರುಗಿರಬೇಕೆಂದು ಹೆಚ್ಚಿನವರು ಊಹಿಸಿದ್ದಿರಿ; ಆದರೆ ವೈದ್ಯರು ತಲೆ ಹೊರಳಿಸಿ ಮಲಗಿಸಿದಾಗ ತಲೆಸುತ್ತೂ ಬರಲಿಲ್ಲ, ಕಣ್ಣುಗುಡ್ಡೆಯೂ ಅದುರಲಿಲ್ಲ. ಎದ್ದು ನಿಂತಾಗ ರಕ್ತದೊತ್ತಡವೂ ಇಳಿಯಲಿಲ್ಲ. ಕೋಲಿನ ಮಾತನ್ನಂತೂ ಅತ್ತೆಯವರು ಕಿವಿಗೇ ಹಾಕಿಕೊಳ್ಳಲಿಲ್ಲ.

ಫಲಿಸಿದ್ದು ವಿಟಮಿನ್ ಬಿ12 ಪರೀಕ್ಷೆ ಮಾಡಿಸಿ ಎಂಬ ಸಲಹೆ; ಅದರ ಕೊರತೆಯೇ ಕಾರಣವಾಗಿತ್ತು. ಪಾದ ಜೋಡಿಸಿ ನೆಟ್ಟಗೆ ನಿಂತಿದ್ದವರು, ನರರೋಗ ತಜ್ಞರು ಕಣ್ಣು ಮುಚ್ಚಲು ಹೇಳಿದೊಡನೆ ಪಕ್ಕಕ್ಕೆ ವಾಲಿದರು. ಕಣ್ಣು, ಒಳಕಿವಿ ಮತ್ತು ಪಾದ-ಕೀಲುಗಳಿಂದ ಬರುವ ಸುದ್ದಿಯನ್ನು ಮಿದುಳು ಹೊಂದಿಸಿಕೊಂಡು ಸಮತೋಲನ ಕಾಯುತ್ತದೆ; ಬಿ12 ಕೊರತೆಯಿಂದ ಬೆನ್ನುಹುರಿಯ ಹಿಂಭಾಗದ ನರತಂತುಗಳು ಹಾಳಾದರೆ ಪಾದದ ಸುದ್ದಿ ಸರಿಯಾಗಿ ತಲುಪುವುದಿಲ್ಲ, ಹಗಲಿನಲ್ಲಿ ಆ ಕೊರತೆಯನ್ನು ತುಂಬಿಕೊಡುವ ಕಣ್ಣು ಕತ್ತಲಲ್ಲಿ ಕೈಕೊಡುತ್ತದೆ. ಮುಖಕ್ಕೆ ಸೋಪು ಹಚ್ಚಿದಾಗ ಅವರು ನಲ್ಲಿಯನ್ನು ಬಿಗಿಯಾಗಿ ಹಿಡಿಯುತ್ತಿದ್ದುದೇಕೆಂದು ಆಗ ಹೊಳೆಯಿತು.

ಅಚ್ಚರಿಯೆಂದರೆ, ಸಕ್ಕರೆ ಕಾಯಿಲೆಗೆ ಅವರು ವರ್ಷಗಳಿಂದ ನುಂಗುತ್ತಿರುವ ಮೆಟ್‌ಫಾರ್ಮಿನ್ ಮಾತ್ರೆಯೂ ಬಿ12 ಪ್ರಮಾಣವನ್ನು ತಗ್ಗಿಸಬಲ್ಲದಂತೆ. ಮಾತ್ರೆ ನಿಲ್ಲಿಸದೆಯೇ ವೈದ್ಯರು ಬಿ12 ಇಂಜೆಕ್ಷನ್ ಆರಂಭಿಸಿದ್ದಾರೆ. ನರಗಳ ಚೇತರಿಕೆಗೆ ತಿಂಗಳುಗಳೇ ಬೇಕಾಗಬಹುದು. ಅಲ್ಲಿಯವರೆಗೆ ಹಜಾರದಲ್ಲಿ ರಾತ್ರಿಯಿಡೀ ಸಣ್ಣ ದೀಪ ಉರಿಸುತ್ತಿದ್ದೇವೆ, ಬಚ್ಚಲಿನಲ್ಲಿ ಸ್ಟೀಲ್ ಹಿಡಿಕೆ ಹಾಕಿಸಿದ್ದೇವೆ.