ಬ್ರೋಕರ್ ಫೀ ಕೊನೆ ಗಳಿಗೆಯಲ್ಲಿ ಏರಿದರೆ ಕೇಸ್ ಹಾಕಬಹುದಾ?

ಪ್ರಶ್ನೆ:
ಅಮೆರಿಕದಲ್ಲಿ ನಾವಿರುವ ಮನೆಯ ಸಾಲವನ್ನು ಬ್ರೋಕರ್ ಮೂಲಕ ಬೇರೆ ಬ್ಯಾಂಕಿಗೆ ರೀಫೈನಾನ್ಸ್ ಮಾಡಿಸಿದೆವು (ಹೊಸ ಸಾಲ ತಗೊಂಡು ಹಳೆಯದನ್ನು ತೀರಿಸಿದೆವು). ಮೊದಲು ಕೊಟ್ಟ ಅಂದಾಜು ಖರ್ಚಿನ ಪಟ್ಟಿ, ಅಂದರೆ ಲೋನ್ ಎಸ್ಟಿಮೇಟ್‌ನಲ್ಲಿ ಬ್ರೋಕರ್ ಫೀ 1,500 ಡಾಲರ್ ಇತ್ತು, ಸಾಲ ಅಂತಿಮವಾಗುವಾಗ (ಕ್ಲೋಸಿಂಗ್) ಕೊಡುವ ಕೊನೆಯ ಪಟ್ಟಿ, ಕ್ಲೋಸಿಂಗ್ ಡಿಸ್ಕ್ಲೋಷರ್‌ನಲ್ಲಿ ನೋಡಿದರೆ 4,200! ಬ್ರೋಕರ್‌ನ ಕೇಳಿದ್ದಕ್ಕೆ 'ಎಲ್ಲರಿಗೂ ಹೀಗೇ' ಅಂದರು. ಬ್ಯಾಂಕಿನಿಂದಲೂ ಅವರಿಗೆ ಕಮಿಷನ್ ಹೋಗಿದೆಯಂತೆ. ಏನು ಮಾಡೋದು?

ಉತ್ತರ 1:
'ಎಲ್ಲರಿಗೂ ಹೀಗೇ' ಅನ್ನೋದು ಸುಮ್ನೆ ಮಾತು. ಸರಿಯಾದ ಕಾರಣವಿಲ್ಲದೆ ಬ್ರೋಕರ್ ಫೀಯನ್ನು ಎಸ್ಟಿಮೇಟ್‌ಗಿಂತ ಒಂದು ಡಾಲರ್ ಕೂಡ ಜಾಸ್ತಿ ಮಾಡುವಂತಿಲ್ಲ. ಮಾಡಿದ್ದರೆ ಕ್ಲೋಸಿಂಗ್ ಆದ 60 ದಿನದೊಳಗೆ ಬ್ಯಾಂಕು ವಾಪಸ್ ಕೊಡಬೇಕು. ಒಂದೇ ಸಾಲಕ್ಕೆ ಬ್ರೋಕರ್ ನಿಮ್ಮಿಂದಲೂ ಬ್ಯಾಂಕಿನಿಂದಲೂ ದುಡ್ಡು ತಗೊಳ್ಳೋದಕ್ಕೆ 2011ರಿಂದಲೇ ತಡೆ ಇದೆ. ಮೊದಲು ಹೀಗಿರಲಿಲ್ಲ, ಬಡ್ಡಿ ದರ ಏರಿಸಿದಷ್ಟೂ ಬ್ಯಾಂಕು ಬ್ರೋಕರ್‌ಗೆ ಜಾಸ್ತಿ ಕೊಡುತ್ತಿತ್ತು, ಅದರ ಮೇಲೆ ವರ್ಷಗಟ್ಟಲೆ ಕೇಸುಗಳು ನಡೆದವು. ಎರಡೂ ಕಾಗದ ಜೊತೆಗಿಟ್ಟು ಬ್ಯಾಂಕಿಗೆ ಲಿಖಿತವಾಗಿ ದೂರು ಕೊಡಿ. ಜಗ್ಗದಿದ್ದರೆ ಸಿಎಫ್‌ಪಿಬಿಗೆ (ಹಣಕಾಸು ಗ್ರಾಹಕರ ದೂರು ನೋಡುವ ಅಲ್ಲಿನ ಸರ್ಕಾರಿ ಸಂಸ್ಥೆ).

ಉತ್ತರ 2:
ರೀಫೈನಾನ್ಸ್ ಅಂದಿರಲ್ವಾ, ಸಾಲವನ್ನೇ ರದ್ದು ಮಾಡುವ ಹಕ್ಕೂ ಇದೆ. ಸಾಮಾನ್ಯವಾಗಿ 3 ಕೆಲಸದ ದಿನ, ಮುಖ್ಯ ವಿವರಗಳನ್ನು ಸರಿಯಾಗಿ ತಿಳಿಸದಿದ್ದರೆ 3 ವರ್ಷದವರೆಗೆ. ಆ ಅವಧಿಯೊಳಗೆ ಲಿಖಿತ ನೋಟಿಸ್ ಕೊಟ್ಟರೆ ಸಾಕು ಅಂತ 2015ರಲ್ಲಿ ಜೆಸಿನೋಸ್ಕಿ ಕೇಸ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೆ ಅಸಲು ವಾಪಸ್ ಕಟ್ಟಬೇಕಾಗುತ್ತದೆ, 2,700 ಡಾಲರ್‌ಗೋಸ್ಕರ ನಾನಂತೂ ಆ ಗೋಜಿಗೆ ಹೋಗಲ್ಲ.

ಉತ್ತರ 3:
ಕ್ಲೋಸಿಂಗ್ ಯಾವಾಗ ಆಯ್ತು? ಬ್ಯಾಂಕಿನಿಂದ ಬ್ರೋಕರ್‌ಗೆ ಹೋದ ಕಮಿಷನ್ ಕಿಕ್‌ಬ್ಯಾಕ್ (ಗಿರಾಕಿ ಕಳಿಸಿದ್ದಕ್ಕೆ ಕೊಡುವ ಅಕ್ರಮ ದುಡ್ಡು) ಅಂತ ರೆಸ್ಪಾ ಅನ್ನೋ ಮನೆ ಸಾಲದ ವ್ಯವಹಾರಗಳ ಕಾಯ್ದೆಯಲ್ಲಿ ಕೇಸ್ ಹಾಕೋಕೆ ಒಂದೇ ವರ್ಷ ಟೈಮ್. ವಕೀಲರಿಗೆ ಬೇಗ ತೋರಿಸಿ.